ಹೋಲ್ಡಾನ್

ಬಾಳೆಲೆ ಇನ್ನೂ ಮೂರು ಮೈಲಿ ಇರುವಾಗ ಮಣ್ಣುದಾರಿ.
ಕಾರಿಗೆ ಸಲೀಸು, ಬಾಲಕ್ಕೆ ಕಟ್ಟಿದ ಗಾಡಿಗಲ್ಲ.
ಟ್ರೇಲರಿನ ನ್ಯಾಯವೇ ಬೇರೆ: ಹಿಂದೆ ಸರಿಯುವಾಗ
ನೀವು ಎಡಕ್ಕೆ ತಿರುಗಿಸಿ, ಅದು ಬಲಕ್ಕೆ ಮುನಿಯುತ್ತದೆ.

ನೀಲಗಂಗಾ ಇಳಿದಳು. ಹಿಂದೆ ಹೋಗಿ ನಿಂತು
ತಗಡಿಗೆ ಎರಡೇಟು ಬಡಿದಳು.
"ಬರ್ಲಿ... ಬರ್ಲಿ... ಬರ್ಲಿ..."
ಹಾವೇರಿ ಡಿಪೋದಲ್ಲಿ ಹತ್ತೊಂಬತ್ತು ವರ್ಷದ ಕಂಡಕ್ಟರಿಕೆ,
ಹದಿನೈದು ದಿನದ ರಜೆಯಲ್ಲೂ ಸೀಟಿ ಕೊರಳಲ್ಲೇ.
"ಹೋಲ್ಡಾನ್!"
ನನಗಿಂತ ಮೊದಲು ನನ್ನ ಕಾಲು ಬ್ರೇಕು ಒತ್ತಿತ್ತು.

ಕಾಫಿ ಕಣದ ಅಂಚಿಗೆ ಗಾಡಿ ನಿಂತಿತು.
ರಾಣೆಬೆನ್ನೂರಿನ ಸಂತೆಗೆ ಕುರಿ ಸಾಗಿಸುತ್ತಿದ್ದ ಗಾಡಿ ಇದು.
ನಾನೇ ಬೆಸೆದೆ, ಮಂಚ ಕೂರಿಸಿದೆ, ಕಿಟಕಿ ಕೊರೆದೆ,
ಬಣ್ಣ ಬಳಿದೆ ಮೂರು ಸಲ.
ಆದರೂ ಇಲ್ಲಿಯ ಇಬ್ಬನಿ ಒಳಗೆ ಬಂದ ಕೂಡಲೇ
ಹಲಗೆಯ ಸಂದಿಯಿಂದ ಯಾವುದೋ ಒಂದು ಕುರಿ
ತನ್ನ ವಾಸನೆ ಹೊರಗೆ ಬಿಟ್ಟು ನೋಡುತ್ತದೆ.

ಕಣದ ಒಡತಿ ಬೊಳ್ಳಮ್ಮ ಹೇಳಿದ್ದು ಎರಡೇ ಮಾತು:
"ಕಾಫಿ ಮೇಲೆ ಚಪ್ಪಲಿ ಹಾಕಿ ನಡೆಯಬೇಡಿ.
ಆರರ ಮೇಲೆ ಸೈಕಲು ಬೇಡ, ಆನೆ ಉಂಟು."
ಆಮೇಲೆ ಕುಡಿಯಲು ಕೊಟ್ಟದ್ದು, ಅಷ್ಟು ಕಾಫಿಯ ನಡುವೆ,
ಚಹಾ.

ಆ ರಾತ್ರಿ ಒಂದೂವರೆಗೆ ತಗಡಿನ ಮೇಲೆ ಟಪ್.
ನಾನು ಮಗ್ಗುಲು ಬದಲಿಸಿದೆ. ಅವಳು ಎದ್ದು ಕೂತಳು.
ಟಪ್, ಟಪ್.
ಬಾಗಿಲು ತೆರೆದು, ಬರಿಗಾಲಲ್ಲಿ ನಿಂತು,
ಮಲಗಿದ ಮನೆಗೆ, ತೋಟಕ್ಕೆ, ಅದರಾಚೆಯ ಗದ್ದೆಗೆ
ಕೇಳುವಂತೆ ಸೀಟಿ ಊದಿದಳು,
ಓಡುವ ಬಸ್ಸಿನ ಬಾಗಿಲಿಂದ ಮಗು ಜಾರಿದಾಗ ಊದುವ ಹಾಗೆ.

ದೀಪ ಹತ್ತಿದವು. ಬೊಳ್ಳಮ್ಮ, ಮೈದುನ ಪೂವಯ್ಯ,
ಲೈನುಮನೆಯ ನಾಲ್ಕು ಜನ, ನಾವಿಬ್ಬರು.
ಮರದ ಗೋರುಪಟ್ಟಿಗಳಿಂದ ಕಾಫಿಯನ್ನು ಎಳೆದು ಗುಡ್ಡೆ ಮಾಡಿದೆವು.
ಅರೆ ಒಣಗಿದ ಹಣ್ಣು ಕತ್ತಲಲ್ಲಿ ಗಲಗಲ ಎಂದಿತು.
ತಾಡಪಾಲು ಮೂರು ಗುಡ್ಡೆಗೆ ಸಾಕಾಯಿತು, ನಾಲ್ಕನೆಯದಕ್ಕಿಲ್ಲ.
ನೀಲಗಂಗಾ ನನ್ನ ಮುಖ ನೋಡಲಿಲ್ಲ.
ಗಾಡಿಯ ಪಕ್ಕ ನಾನು ಬಿಗಿದಿದ್ದ ನೀಲಿ ಚಪ್ಪರದ ಗಂಟು
ಒಂದೊಂದಾಗಿ ಬಿಚ್ಚತೊಡಗಿದಳು.
ಆ ಗಂಟುಗಳಿಗೆ ನಾನು ಅರ್ಧ ಗಂಟೆ ತೆಗೆದುಕೊಂಡಿದ್ದೆ.

ಒಳಗೆ ಬಂದು ತಲೆ ಒರೆಸಿಕೊಂಡೆವು.
ಈಗ ಇಡೀ ಕುರಿಮಂದೆಯೇ ನಮ್ಮ ಜೊತೆ.
ಅವಳು ನಕ್ಕಳು: "ಮುಂದೆ ಹೋಗ್ರೀ, ಒಳಗ ಜಾಗ ಐತಿ."

ಬೆಳಿಗ್ಗೆ ಸೈಕಲ್ ಇಳಿಸಿದೆವು.
ಗದ್ದೆಬಯಲಿನ ಸಮದಾರಿ, ಕೊಯ್ದ ಕೂಳೆಯ ಮೇಲೆ ಮಂಜು,
ಅವಳು ಮುಂದೆ.
ಹತ್ತೊಂಬತ್ತು ವರ್ಷ ಹಿಂಬಾಗಿಲಲ್ಲಿ ನಿಂತವಳಿಗೆ
ಎದುರಿನ ಗಾಳಿ ಹೊಸದು, ಕಣ್ಣು ಒದ್ದೆ,
ಗಾಳಿಗೆ ಅಂತಲೇ ಹೇಳಿದಳು.
ದಾರಿ ಕಾಡಿನಂಚಿಗೆ ಹೊರಳುವಲ್ಲಿ
ಅವಳ ಎಡಗೈ ಮೇಲೆದ್ದಿತು. ಸೀಟಿಯಿಲ್ಲ, ಕೂಗಿಲ್ಲ.

ರಸ್ತೆ ನಡುವೆ ಲದ್ದಿ,
ಇನ್ನೂ ಹಬೆಯಾಡುತ್ತಿತ್ತು.
ಬಿದಿರು ಎಲ್ಲೋ ಲಟಕ್ಕೆಂದಿತು, ಸುಮ್ಮನಾಯಿತು.
ನನ್ನ ಸೈಕಲ್ಲಿನ ಚೈನು ಒಂದು ಹಲ್ಲು ಸರಿದದ್ದೂ
ನಮ್ಮಿಬ್ಬರಿಗೆ ಕೇಳಿಸಿತು.
ಎಷ್ಟು ಹೊತ್ತು ನಿಂತೆವೋ, ಟಿಕೆಟ್ಟಿನ ಮೇಲೆ ಸಮಯವಿರಲಿಲ್ಲ.
ಆಮೇಲೆ ಸೈಕಲ್ಲುಗಳನ್ನು ಮಗುವಿನಂತೆ ಎತ್ತಿ
ಬಂದ ದಾರಿಗೆ ಮುಖ ಮಾಡಿ ಇಟ್ಟೆವು.
ಎಡಬಲದ ಜಗಳವಿಲ್ಲ.
ಉಸಿರಲ್ಲೇ ಅಂದಳು, "ರೈಟ್."

ಕಣದಲ್ಲಿ ಬೊಳ್ಳಮ್ಮ ಗುಡ್ಡೆಗಳನ್ನು ಮತ್ತೆ ಹರಡುತ್ತಿದ್ದರು.
"ಇದಕ್ಕೆ ಬೇಡದ ಮಳೆ," ಅಂದರು ಕಾಲ ಬಳಿಯ ಕಾಫಿಗೆ,
"ಅದಕ್ಕೆ ಬೇಕಾದದ್ದೇ," ಅಂದರು ಗಿಡಗಳತ್ತ ಗದ್ದ ಚಾಚಿ.
"ಇನ್ನೊಂದೇ ಮಳೆ ಬಿದ್ದರೆ ವಾರದೊಳಗೆ ಹೂವು.
ನೀವು ಇರುವುದಿಲ್ಲ."

ಹನ್ನೊಂದಕ್ಕೆ ಕುಟ್ಟದ ದಾರಿ ಹಿಡಿಯಬೇಕಿತ್ತು.
ಕೊಂಡಿ ಸಿಗಿಸಿದೆ, ಕಾರಿನ ಕೀಲಿ ಕೈಯಲ್ಲಿತ್ತು.
ನೀಲಗಂಗಾ ಗೋರುಪಟ್ಟಿ ಹಿಡಿದು ಕಣದ ನಡುವೆ,
ಚಪ್ಪಲಿ ಕಳಚಿಟ್ಟು,
ನಾಲ್ಕನೆಯ ಗುಡ್ಡೆಯನ್ನು ಬಿಸಿಲಿಗೆ ತೆಳ್ಳಗೆ ಎಳೆಯುತ್ತಿದ್ದಳು.
ಅವಳ ಬೆನ್ನು ನೋಡುತ್ತ
ನಾನು ಕೊಂಡಿ ಬಿಚ್ಚಿದೆ.